ಬಿರುಕು ಬಿಡದ ಗಿಟಾರು

ನಮ್ಮ ಮನೆಯ ಹಾಲ್‌ನಲ್ಲಿ ನಿಂತಿರುವ ಕಪ್ಪು ಗಿಟಾರನ್ನು ಕಂಡವರು ಅದರ ತಂತಿ ಮೀಟುವುದಿಲ್ಲ. ಕಲ್ಲಂಗಡಿ ಕೊಳ್ಳಲು ಬಂದವರ ಹಾಗೆ ಬೆರಳ ಗೆಣ್ಣಿನಿಂದ ಅದರ ಬೆನ್ನು ತಟ್ಟುತ್ತಾರೆ. ತಟ್ಟಿ, ಕಿವಿಯನ್ನು ಕೊಂಚ ಓರೆಮಾಡಿ, 'ಇದು ಪ್ಲಾಸ್ಟಿಕ್ಕಾ?' ಅನ್ನುತ್ತಾರೆ. ಅಲ್ಲ, ಕಾರ್ಬನ್ ಫೈಬರ್ ಎನ್ನುತ್ತೇನೆ. ಹಾಗಾದರೆ ಮರದ್ದು ಯಾಕೆ ತೆಗೆದುಕೊಳ್ಳಲಿಲ್ಲ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ನನ್ನಲ್ಲೊಂದು ಸಿದ್ಧ ಉಪನ್ಯಾಸವಿದೆ: ಮೇರಿಲ್ಯಾಂಡಿನ ಬೇಸಿಗೆಯಲ್ಲಿ ಮರ ಉಬ್ಬುತ್ತದೆ, ಚಳಿಗಾಲದಲ್ಲಿ ಹೀಟರ್‌ನ ಒಣಗಾಳಿಗೆ ಕುಗ್ಗುತ್ತದೆ, ಕುಗ್ಗಿದರೆ ಒಡೆಯುತ್ತದೆ; ಚಳಿಗಾಲಕ್ಕೆ ಅಂಜದ್ದು ಇಂಗಾಲವೊಂದೇ. ಕೊನೆಯ ವಾಕ್ಯದ ಪ್ರಾಸಕ್ಕೆ ಕೆಲವರು ನಗುತ್ತಾರೆ, ನಾನು ಕಾಫಿ ತರಲು ಒಳಗೆ ಹೋಗುತ್ತೇನೆ. ಈ ಉಪನ್ಯಾಸದಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಆ ಗಿಟಾರನ್ನು ನಾನು ಕೊಂಡದ್ದು ಈ ಕಾರಣಗಳಿಗಾಗಿ ಅಲ್ಲ, ನಾಚಿಕೆಯಿಂದ. ನೀವು ನಮ್ಮ ಮನೆಗೆ ಬಂದು ಅದನ್ನು ತಟ್ಟಿ ನೋಡುವವರಲ್ಲವಾದ್ದರಿಂದ ನಿಮ್ಮೊಡನೆ ಹೇಳಿಕೊಳ್ಳಬಹುದು.

ಕರೋನಾ ಕಾಲದಲ್ಲಿ ಕೆಲವರು ಬ್ರೆಡ್ ಸುಡುವುದನ್ನು ಕಲಿತರು, ಕೆಲವರು ಸಂಸ್ಕೃತ ಕಲಿತರು, ನಲವತ್ತಾರನೆಯ ವಯಸ್ಸಿನಲ್ಲಿ ನಾನು ಬಾಡಿಗೆಯ ಗಿಟಾರೊಂದನ್ನು ತಂದು ಗಂಡನ ಸಹನಶಕ್ತಿಯನ್ನು ಪರೀಕ್ಷಿಸತೊಡಗಿದೆ. ದೇವಸ್ಥಾನದಲ್ಲಿ ಪರಿಚಯವಾಗಿದ್ದ ಶೇಷಾದ್ರಿ ಅಂಕಲ್ ನನಗೆ ಹತ್ತಿರವಾದದ್ದು ಆಗಲೇ. ಪಕ್ಕದ ಊರಾದ ರಾಕ್‌ವಿಲ್‌ನಲ್ಲಿ ಅವರೂ ಪತ್ನಿ ವಿಮಲಾ ಆಂಟಿಯೂ ಇಬ್ಬರೇ ಇದ್ದರು. ಎಂಬತ್ತರ ಹತ್ತಿರದ ಅವರು ಅಂಗಡಿಗೆ ಹೋಗುವುದು ಅಪಾಯವೆಂದು ನಾವಿರುವ ಗೈದರ್ಸ್‌ಬರ್ಗ್‌ನಿಂದ ನಾನೇ ವಾರಕ್ಕೊಮ್ಮೆ ತರಕಾರಿ, ಹಾಲು ತಂದು ಬಾಗಿಲ ಬಳಿ ಇಟ್ಟು, ಡ್ರೈವ್‌ವೇಯಲ್ಲಿ ಹತ್ತಡಿ ದೂರ ನಿಂತು ಮಾತಾಡಿ ಬರುತ್ತಿದ್ದೆ. ಅಂಕಲ್ ಅರಿವಳಿಕೆ ವೈದ್ಯರು. 'ಮೂವತ್ತೈದು ವರ್ಷ ಮನುಷ್ಯರನ್ನ ಮಲಗಿಸಿದೀನಿ, ಈಗ ಮರಾನ ಎಬ್ಬಿಸ್ತಿದೀನಿ' ಎಂಬುದು ಅವರ ನಿವೃತ್ತಿಯ ಘೋಷವಾಕ್ಯ. ಅವರು ಬೇಸ್‌ಮೆಂಟಿನಲ್ಲಿ ಗಿಟಾರು ಮಾಡುತ್ತಿದ್ದರು. ಯಾರ ಬಳಿಯೂ ಕಲಿತದ್ದಲ್ಲ. ಪುಸ್ತಕ ನೋಡಿ, ವಿಡಿಯೋ ನೋಡಿ, ಕೆಡಿಸಿ, ಮತ್ತೆ ಮಾಡಿ, ಹತ್ತು ವರ್ಷದಲ್ಲಿ ನಾಲ್ಕು ಗಿಟಾರು. ಅವರಿಗೆ ನುಡಿಸಲು ಬರುತ್ತಿರಲಿಲ್ಲ.

ನಾನು ಕಲಿಯುತ್ತಿದ್ದೇನೆಂದು ತಿಳಿದದ್ದೇ ತಡ, 'ಐದನೇದು ನಿನಗೆ' ಎಂದುಬಿಟ್ಟರು. ಬೇಡವೆಂದು ಉಪಚಾರದ ಮಾತಾಡಿದೆ. 'ನಾಲ್ಕೂ ಗೋಡೆಗೆ ನೇತಾಡ್ತಿವೆ. ಒಂದಾದ್ರೂ ಬಾಯಿ ಬಿಡ್ಲಿ ಬಿಡಮ್ಮ' ಎಂದರು.

ಅದಕ್ಕೆ ಎಂಟು ತಿಂಗಳು ಹಿಡಿಯಿತು. ನಾನು ಹೋದಾಗಲೆಲ್ಲ ಗರಾಜಿನ ಬಾಗಿಲು ಮೇಲೆತ್ತಿ, ಮಾಸ್ಕಿನ ಹಿಂದಿನಿಂದ ಆ ವಾರದ ಪ್ರಗತಿಯನ್ನು ವಿವರಿಸುತ್ತಿದ್ದರು. ಸ್ಪ್ರೂಸ್ ಮರದ ತೆಳು ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ, ತಟ್ಟಿ, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ರೋಗಿಯ ಎದೆಯನ್ನು ಹೀಗೆಯೇ ಆಲಿಸುತ್ತಿದ್ದರೇನೋ. ಕೊನೆಗೆ ಜೇನಿನ ಬಣ್ಣದ ಆ ಗಿಟಾರನ್ನು ನನ್ನ ಕೈಗಿಟ್ಟ ದಿನ ಅದರ ಜೊತೆಗೊಂದು ಸೋಪಿನ ಡಬ್ಬಿಯನ್ನೂ ಕೊಟ್ಟರು. ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ಒಳಗೆ ಸ್ಪಂಜಿನ ತುಂಡು ಇಟ್ಟಿದ್ದರು. 'ಚಳಿಗಾಲದಲ್ಲಿ ಇದಕ್ಕೆ ಬಾಯಾರುತ್ತೆ. ಸ್ಪಂಜು ಒದ್ದೆ ಮಾಡಿ, ಹಿಂಡಿ, ಈ ಡಬ್ಬೀನ ಗಿಟಾರಿನ ಪೆಟ್ಟಿಗೆ ಒಳಗಿಡು. ನುಡಿಸಿ ಆದ್ಮೇಲೆ ಗಿಟಾರು ಪೆಟ್ಟಿಗೇಲೇ ಇರ್ಬೇಕು. ಅಷ್ಟೆ, ಇನ್ನೇನೂ ಕೇಳಲ್ಲ ಅದು' ಎಂದರು.

ಎರಡನೆಯ ತಂತಿಯನ್ನು ಒಂದು ಕಡೆ ಒತ್ತಿದಾಗ ಮಾತ್ರ ದುಂಬಿ ಹೊಕ್ಕಂತೆ ಗುಂಯ್ ಎಂಬ ಸಣ್ಣ ಸದ್ದು ಬರುತ್ತಿತ್ತು. ನನಗೆ ಅದೊಂದು ದೋಷವೆಂದು ಅನಿಸಲೇ ಇಲ್ಲ. ಅಜ್ಜಿಯ ಗಂಟಲಲ್ಲಿ ಸಣ್ಣ ಕರಕರ ಇರುವಂತೆ ಅದಕ್ಕೂ ಇರಲಿ ಎಂದುಕೊಂಡೆ. ಅವರಿಗೆ ಹೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಾದೆ.

ಮೊದಲ ಚಳಿಗಾಲದಲ್ಲಿ ನಾನು ಅದಕ್ಕೆ ಬಾಣಂತಿಗೆ ಮಾಡುವಂಥ ಆದರ್ಶ ಶುಶ್ರೂಷೆ ಮಾಡಿದೆ. ಎರಡನೆಯ ಚಳಿಗಾಲದ ರಜೆಗೆ ನಾದಿನಿಯ ಮನೆಗೆಂದು ಷಾರ್ಲಟ್‌ಗೆ ಹೊರಟೆವು. ನನ್ನ ಗಂಡ ಮೋಹನ ಕಾರು ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುವವರೆಗೂ ನಾನು ನುಡಿಸುತ್ತಲೇ ಇದ್ದೆ. ಏಳು ಗಂಟೆಯ ಹಾದಿ, ಒಂದು ರಾಗವನ್ನು ಬೆರಳಿಗೆ ಹತ್ತಿಸಿಕೊಂಡು ಹೋಗಬೇಕೆಂಬ ಆಸೆ. ಆಮೇಲೆ ಗಿಟಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಓಡಿದೆ. ಆ ಸ್ಟ್ಯಾಂಡು ಇದ್ದದ್ದು ನೆಲದಿಂದ ಬಿಸಿಗಾಳಿ ಬರುವ ಜಾಲರಿಯ ಪಕ್ಕದಲ್ಲಿ. ಹತ್ತು ದಿನ ಬಿಟ್ಟು ಬಂದು ನೋಡಿದರೆ ತಂತಿಗಳನ್ನು ಕಟ್ಟಿದ ಪಟ್ಟಿಯ ಕೆಳಗಿನಿಂದ ಹಲಗೆಯ ಅಂಚಿನವರೆಗೆ ಒಂದು ಗೇಣು ಉದ್ದದ ಬಿರುಕು. ಮರವೆಂಬ ದಾರು ಒಡೆಯುವುದು ಎಷ್ಟು ದಾರುಣ ಎಂದು ಶ್ಲೇಷೆ ಮಾಡುವ ಧೈರ್ಯ ಈಗಿದೆ, ಆಗ ನೆಲದ ಮೇಲೆ ಕುಳಿತುಬಿಟ್ಟಿದ್ದೆ.

ನಾನು ಏನು ಕೆಲಸ ಮಾಡುತ್ತೇನೆಂದು ಇಲ್ಲಿಯವರೆಗೆ ಹೇಳದಿದ್ದುದಕ್ಕೆ ಕಾರಣವಿದೆ. ಔಷಧಿ ತಯಾರಿಸುವ ಕಂಪನಿಯೊಂದರಲ್ಲಿ, ಮಾತ್ರೆಗಳನ್ನು ಇಟ್ಟ ಕೋಣೆಗಳ ತಾಪಮಾನವನ್ನೂ ತೇವಾಂಶವನ್ನೂ ಕಾಯುವುದು ನನ್ನ ಉದ್ಯೋಗ. ಗಾಳಿಯ ತೇವ ಸ್ವಲ್ಪ ಏರುಪೇರಾದರೂ ನನ್ನ ಫೋನು ಕಿರುಚುತ್ತದೆ, ನಾನು ಎದ್ದು ಓಡುತ್ತೇನೆ. ಯಾರದೋ ಮಾತ್ರೆಗಳ ತೇವಕ್ಕೆ ಇಪ್ಪತ್ತು ವರ್ಷ ಕಾವಲಿದ್ದವಳು ನನ್ನ ಮನೆಯ ಒಂದು ಗಿಟಾರನ್ನು ಒದ್ದೆ ಸ್ಪಂಜಿನ ಜೊತೆ ಪೆಟ್ಟಿಗೆಯೊಳಗಿಡಲು ಮರೆತಿದ್ದೆ.

'ಅಂಕಲ್‌ಗೆ ಫೋನ್ ಮಾಡಿ ಹೇಳು. ರಿಪೇರಿ ಮಾಡ್ಕೊಡ್ತಾರೆ' ಎಂದ ಮೋಹನ.

'ಎಂಟು ತಿಂಗಳು ಮಾಡಿದಾರೆ. ಏನಂತ ಹೇಳ್ಲಿ?'

'ಒಡೆದೋಯ್ತು ಅಂತ.'

ಗಂಡಸರಿಗೆ ಎಲ್ಲವೂ ಎಷ್ಟು ಸುಲಭ ಎಂದು ರೇಗಿ, ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಮಲಗುವ ಕೋಣೆಯ ಬಟ್ಟೆ ಕಪಾಟಿನಲ್ಲಿ ಸೂಟ್‌ಕೇಸುಗಳ ಹಿಂದೆ ನೂಕಿದೆ. ಮರವನ್ನು ಮೊದಲು ಮರೆತೆ, ಆಮೇಲೆ ಮರೆಮಾಡಿದೆ. ಮುಂದಿನ ಶನಿವಾರ ಒಬ್ಬಳೇ ವಾದ್ಯಗಳ ಅಂಗಡಿಗೆ ಹೋದೆ. ಅಲ್ಲಿ ನಾನು ಕೇಳಿದ್ದು ನಾದದ ಬಗ್ಗೆಯಲ್ಲ. ಈ ಕಪ್ಪು ಗಿಟಾರನ್ನು ತೋರಿಸಿ 'ಇದು ಒಡೆಯುತ್ತದೆಯೇ?' ಎಂದು ಕೇಳಿದೆ. ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೂ ಏನೂ ಆಗದು, ಹಿಮದಲ್ಲಿ ಹೂತರೂ ಆಗದು ಎಂದು ಅಂಗಡಿಯಾಕೆ ಭರವಸೆಯಿತ್ತಳು. ನನ್ನಂಥವರಿಗಾಗಿಯೇ ಸೃಷ್ಟಿಯಾದ ವಾದ್ಯವೆನಿಸಿತು. ಕೊಂಡುಬಿಟ್ಟೆ.

ಇನ್ನೂ ಒಂದು ತಪ್ಪೊಪ್ಪಿಗೆ: ಅದು ನನಗೆ ಹಿಡಿಸಿತು. ಶ್ರುತಿ ಕದಲದು, ಹಗುರ, ಪ್ರತಿ ಸ್ವರವೂ ತೊಳೆದಿಟ್ಟ ಸ್ಟೀಲ್ ಲೋಟದಷ್ಟು ಶುಭ್ರ. ಯಾವ ತಂತಿಯನ್ನು ಎಲ್ಲಿ ಒತ್ತಿದರೂ ದುಂಬಿಯ ಸುಳಿವಿಲ್ಲ.

ಅಂಕಲ್ ತಿಂಗಳಿಗೊಮ್ಮೆಯಾದರೂ ಫೋನ್ ಮಾಡಿ 'ಏನಾದ್ರೂ ನುಡಿಸಮ್ಮ, ಕೇಳೋಣ' ಎನ್ನುತ್ತಿದ್ದರು. ಸ್ಪೀಕರ್ ಹಾಕಿ ಕಪ್ಪು ಗಿಟಾರನ್ನು ನುಡಿಸಿದೆ. ಮುಗಿದ ಮೇಲೆ ಬರೀ 'ಚೆನ್ನಾಗಿದೆ' ಎಂದರು. ಎರಡನೆಯ ಸಲ ನುಡಿಸಿದಾಗಲೂ ಅದೇ 'ಚೆನ್ನಾಗಿದೆ.' ಆಮೇಲೆ, 'ಡಬ್ಬಿಗೆ ನೀರು ಹಾಕ್ತಿದೀಯ ತಾನೇ?'

'ಹಾಕ್ತಿದೀನಿ ಅಂಕಲ್.'

ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ಮೂರನೆಯ ಸಲದಿಂದ ಅವರು ನುಡಿಸು ಎನ್ನುವುದನ್ನು ನಿಲ್ಲಿಸಿದರು. ಅವರಿಗೆ ಬೇಸರವಾಗಿರಬೇಕು, ವಯಸ್ಸಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಬಚಾವಾದೆ ಎಂದುಕೊಂಡೆ.

ಒಂದು ವರ್ಷದ ಮೇಲೆ, ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಮೆರಿಕದಲ್ಲಿ ಫೋನ್ ಮಾಡದೆ ಬರುವವರು ಎರಡೇ ಬಗೆ, ಪಾರ್ಸೆಲ್ ತರುವವರು ಮತ್ತು ಧರ್ಮಪ್ರಚಾರಕರು ಎಂದು ತಿಳಿದಿದ್ದ ನಾನು ಬಾಗಿಲು ತೆರೆದರೆ, ಅಂಕಲ್ ಮತ್ತು ಆಂಟಿ. ದೇವಸ್ಥಾನದಿಂದ ಬರುತ್ತಾ ಹಾಗೇ ಬಂದೆವೆಂದು ಆಂಟಿ ಪ್ರಸಾದದ ಪೊಟ್ಟಣ ಕೈಗಿಟ್ಟರು. ಅಂಕಲ್ ಒಳಗೆ ಬಂದವರು ನೇರ ಕಪ್ಪು ಗಿಟಾರಿನ ಮುಂದೆ ನಿಂತರು. ಮೋಹನ ಅಡುಗೆಮನೆಗೆ ಹೋಗಿಬಿಟ್ಟ. ಅಂಕಲ್ ಅದನ್ನು ಮೆಲ್ಲಗೆ ತಟ್ಟಿದರು, ಕಣ್ಣು ಮುಚ್ಚಿ ಕೇಳಿದರು.

'ಫೋನಲ್ಲಿ ನುಡಿಸ್ತಿದ್ದದ್ದು ಇದೇನಾ?'

ಹೌದೆಂದು ತಲೆಯಾಡಿಸಿದೆ.

'ನನಗೆ ಮೊದಲನೇ ಸಲವೇ ಗೊತ್ತಾಯ್ತಮ್ಮ. ನಾನು ಮಾಡಿದ್ದರಲ್ಲಿ ಎರಡನೇ ತಂತೀಲಿ ಗುಂಯ್ ಅಂತಿತ್ತು. ತಂತಿ ಒತ್ತೋ ಜಾಗದ ಒಂದು ಪಟ್ಟಿ ಕೂಡಿಸೋದ್ರಲ್ಲಿ ಸ್ವಲ್ಪ ತಪ್ಪಿದ್ದೆ. ಕೊಟ್ಟ ದಿನವೇ ಗೊತ್ತಿತ್ತು, ಹೇಳೋಕೆ ನಾಚಿಕೆ ಆಯ್ತು.' ಅವರು ನನ್ನನ್ನು ನೋಡದೆ ಗಿಟಾರನ್ನೇ ನೋಡುತ್ತಿದ್ದರು. 'ಇದು ಒಳ್ಳೇದು. ಸದ್ದು ಶುದ್ಧವಾಗಿದೆ. ನೀನು ಬದಲಾಯಿಸಿದ್ದು ತಪ್ಪಲ್ಲ.'

'ಆ ಫೋನ್ ಆದ್ಮೇಲೆ ಇವರು ಬೇಸ್‌ಮೆಂಟಿಗೆ ಇಳೀಲೇ ಇಲ್ಲ ಕಣೆ,' ಎಂದರು ಆಂಟಿ. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಸುದ್ದಿ ಹೇಳುವಂತೆ ಹೇಳಿದರು. 'ಉಳಿ, ಕ್ಲಾಂಪು ಎಲ್ಲ ಹೋದ ತಿಂಗಳು ಹೈಸ್ಕೂಲಿನ ಮರಗೆಲಸದ ಕ್ಲಾಸಿಗೆ ಕೊಟ್ಬಿಟ್ರು. ಆರನೇದು ಅರ್ಧ ಆಗಿತ್ತು.'

ಅವರ ಮನಸ್ಸು ನೋಯದಿರಲೆಂದು ಮುಚ್ಚಿಟ್ಟೆ ಎಂದು ನನಗೆ ನಾನೇ ಒಂದು ವರ್ಷ ಹೇಳಿಕೊಂಡಿದ್ದೆ. ಮುಚ್ಚಿಟ್ಟದ್ದು ನನ್ನ ಮುಖವನ್ನು ಮಾತ್ರ. ಆ ಅಡಗಿಕೊಂಡ ಮುಖದ ಜಾಗದಲ್ಲಿ ಅವರು ತಮ್ಮ ಕೈಯ ಸೋಲನ್ನು ಕಂಡಿದ್ದರು. ಸಣ್ಣ ಸುಳ್ಳು ಹೇಳಿದ ನಾವು ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತೇವೆ. ಕೇಳಿಸಿಕೊಂಡವರು ಅದನ್ನು ಮನೆಗೆ ಒಯ್ದು, ದಿನವೂ ತೆಗೆದು ನೋಡಿ, ಅದಕ್ಕೊಂದು ಅರ್ಥ ಕಟ್ಟಿಕೊಳ್ಳುತ್ತಾರೆ.

ನಾನು ಒಳಗೆ ಹೋಗಿ, ಸೂಟ್‌ಕೇಸುಗಳನ್ನು ಸರಿಸಿ, ಪೆಟ್ಟಿಗೆಯನ್ನು ತಂದು ಅವರ ಮುಂದೆ ತೆರೆದೆ. 'ನಾನು ಒಡೆದುಹಾಕಿದೆ ಅಂಕಲ್. ಹೀಟರ್ ಪಕ್ಕ ಬಿಟ್ಟು ಊರಿಗೆ ಹೋಗಿದ್ದೆ. ಆ ಗುಂಯ್ ಸದ್ದು ನನಗೆ ಇಷ್ಟವಾಗಿತ್ತು' ಎಂದೆ. ಕೊನೆಯ ಮಾತು ನಿಜವಾಗಿದ್ದರೂ ನನ್ನ ಬಾಯಲ್ಲಿ ಅದು ಸುಳ್ಳಿನಂತೆಯೇ ಕೇಳಿಸಿತು.

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಿರುಕಿನ ಮೇಲೆ ಬೆರಳಾಡಿಸಿದರು, ಈ ತುದಿಯಿಂದ ಆ ತುದಿಯವರೆಗೆ. ಅವರು ಬೈಯಲೆಂದು ಕಾದು ನಿಂತಿದ್ದೆ. ತಲೆಯೆತ್ತಿದಾಗ ಅವರ ಮುಖ ಅರಳಿತ್ತು.

'ಬಿರುಕಾ?' ಎಂದರು. 'ಬರೀ ಬಿರುಕಾ? ಅಯ್ಯೋ ಹುಚ್ಚಿ.' ಆಂಟಿಯ ಕಡೆ ತಿರುಗಿ, 'ವಿಮಲಾ, ಇಲ್ಲಿ ನೋಡು. ಒಡೆದಿದೆ ಅಷ್ಟೆ' ಎಂದರು.

ಎಂಟು ತಿಂಗಳ ತಮ್ಮ ದುಡಿಮೆ ಸೀಳಿಹೋದದ್ದನ್ನು ಕಂಡು ಅಷ್ಟು ಸಂತೋಷಪಟ್ಟ ಆ ಮುಖದ ಮುಂದೆ ನನಗಾದಷ್ಟು ನಾಚಿಕೆ ಅವರು ಬೈದಿದ್ದರೆ ಆಗುತ್ತಿರಲಿಲ್ಲ.

ಅಂಕಲ್ ಒಳಗಿನ ವೈದ್ಯರು ಎಚ್ಚೆತ್ತರು. ಬಾತ್‌ರೂಮಿನಲ್ಲಿ ಒದ್ದೆ ಟವೆಲುಗಳನ್ನು ಹರವಿ, ಗಿಟಾರನ್ನು ಅಲ್ಲಿಟ್ಟು ಬಾಗಿಲು ಮುಚ್ಚಬೇಕು. ಮರ ನೀರು ಕುಡಿದರೆ ಸೀಳು ತಾನೇ ಕೂಡಿಕೊಳ್ಳುತ್ತದೆ, ಆಮೇಲೆ ಅಂಟು. ಒಂದು ವಾರ ನಾವು ಕೆಳಗಿನ ಸಣ್ಣ ಬಾತ್‌ರೂಮನ್ನು ಗಿಟಾರಿಗೆ ಬಿಟ್ಟುಕೊಟ್ಟೆವು. ಅವರು ಹೇಳಿದಂತೆಯೇ ಬಿರುಕು ಮುಚ್ಚಿ ಕೂದಲೆಳೆಯಷ್ಟಾಯಿತು. ಮುಂದಿನ ಭಾನುವಾರ ಅಂಕಲ್ ಅಂಟಿನ ಬಾಟಲಿ, ಬೆರಳುದ್ದದ ಮರದ ತುಂಡೊಂದನ್ನು ಜೇಬಿನಲ್ಲಿ ತಂದರು. ತಂತಿ ಬಿಚ್ಚಿ, ಬಿರುಕಿಗೆ ಅಂಟು ತುಂಬಿ ಒರೆಸಿದರು. ಒಳಗಡೆಯಿಂದ ಆ ತುಂಡನ್ನು ತೇಪೆಯಾಗಿ ಹಚ್ಚಬೇಕು, ಒಣಗುವವರೆಗೂ ಅದನ್ನು ಒತ್ತಿ ಹಿಡಿದಿರಬೇಕು. ಅಂಕಲ್ ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿದರು. ಒತ್ತಿ ಹಿಡಿಯುವ ಕ್ಲಾಂಪು ಅಲ್ಲಿರಲಿಲ್ಲ. ಚಾಚಿದ ಕೈಯನ್ನು ಮೆಲ್ಲಗೆ ಹಿಂದೆಗೆದುಕೊಂಡರು.

'ನಾನು ಹಿಡ್ಕೋತೀನಿ' ಎಂದೆ.

'ಮುಕ್ಕಾಲು ಗಂಟೆ ಆಗುತ್ತೆ.'

'ಆಗ್ಲಿ.'

ಗಿಟಾರಿನ ಬಾಯೊಳಗೆ ಕೈ ತೂರಿಸಿ, ಒಳಗಿನಿಂದ ತೇಪೆಯನ್ನು ಬೆರಳುಗಳಿಂದಲೂ ಹೊರಗಿನಿಂದ ಹಲಗೆಯನ್ನು ಇನ್ನೊಂದು ಅಂಗೈಯಿಂದಲೂ ಒತ್ತಿ ಹಿಡಿದು ಡೈನಿಂಗ್ ಟೇಬಲ್ಲಿನ ಮುಂದೆ ಕುಳಿತೆ. ಒಳಗೆ ಹೊರಗಿನ ನುಣುಪಿಲ್ಲ. ಅವರ ಉಳಿಯ ಗೀರುಗಳು ಬೆರಳಿಗೆ ಒಂದೊಂದಾಗಿ ತಾಕುತ್ತಿದ್ದವು. ಆಂಟಿಯೂ ಮೋಹನನೂ ಕಾಫಿ ಕುಡಿದರು. ಅಂಕಲ್ ನನ್ನ ಎದುರು ಕುಳಿತು ಗಡಿಯಾರ ನೋಡುತ್ತಿದ್ದರು, ಆಪರೇಷನ್ ಥಿಯೇಟರಿನಲ್ಲಿ ಕುಳಿತಂತೆ. ಮೊಣಕೈ ನೋಯತೊಡಗಿತು, ಆಮೇಲೆ ಬೆರಳುಗಳು ಜೋಮು ಹಿಡಿದವು, ಆಮೇಲೆ ಅವು ಇವೆಯೋ ಇಲ್ಲವೋ ತಿಳಿಯದಾಯಿತು.

'ಸಾಕಮ್ಮ, ಆಯ್ತು. ಕೈ ತೆಗಿ' ಎಂದರು ಅಂಕಲ್.

ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ.