ನಾನು ಓದದೆ ಬಿಟ್ಟ ಸಾಲು

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದಲ್ಲಿ ಟೈಪಿಂಗ್ ಪರೀಕ್ಷೆ ಮುಗಿಸಿ ಬಂದಿದ್ದ ನಾನು ಮುಂಬಯಿಯ ಅಂಧೇರಿಯಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು, ಫೋರ್ಟಿನಲ್ಲಿ ಒಬ್ಬ ಸಾಲಿಸಿಟರ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಇಡೀ ಆಫೀಸಿನಲ್ಲಿ ಹೆಂಗಸು ಅಂದರೆ ನಾನೊಬ್ಬಳೇ. ಹಡಗಿನಲ್ಲಿ ಒದ್ದೆಯಾದ ಹತ್ತಿ, ಕಳೆದುಹೋದ ಪೆಟ್ಟಿಗೆ, ಬಾಡಿಗೆಯ ತಕರಾರು, ಇಂಥವನ್ನೇ ದಿನವಿಡೀ ಟೈಪ್ ಮಾಡುತ್ತಿದ್ದೆ.

ಒಂದು ದಿನ ವಿದೇಶದ ಯುದ್ಧಾಪರಾಧ ನ್ಯಾಯಾಲಯದ ಸರ್ಕಾರಿ ವಕೀಲರಿಂದ ದಪ್ಪ ಲಕೋಟೆ ಬಂತು. ಯುದ್ಧದಲ್ಲಿ ಸೆರೆ ಸಿಕ್ಕ ನಮ್ಮ ಸಿಪಾಯಿಗಳನ್ನು ಜಪಾನಿನವರು ದೂರದ ಯಾವುದೋ ದ್ವೀಪಕ್ಕೆ ಸಾಗಿಸಿ ಕೂಲಿಗೆ ಹಚ್ಚಿದ್ದರಂತೆ. ಅಲ್ಲಿ ಕಾವಲಿಗಿದ್ದ ಒಬ್ಬ ಜಪಾನಿ ಸಿಪಾಯಿಯ ಮೇಲೆ ಈಗ ಕೊಲೆಯ ಮೊಕದ್ದಮೆ ನಡೆದಿತ್ತು. ಬದುಕಿ ಬಂದ ಕೈದಿಗಳಲ್ಲಿ ಒಬ್ಬ ಮುಂಬಯಿಯಲ್ಲಿದ್ದಾನೆ, ಅವನಿಂದ ಅಫಿಡವಿಟ್ ಮಾಡಿಸಿ ಕಳಿಸಿ ಎಂದು ಕೇಳಿದ್ದರು. ಅದರ ಕರಡನ್ನು ಅವರೇ ಇಂಗ್ಲಿಷಿನಲ್ಲಿ ಬರೆದಿದ್ದರು. ಸಾಕ್ಷಿ ಹೇಳುವವನ ಬಾಯಿಂದ ಒಂದು ಮಾತೂ ಬರುವ ಮುಂಚೆಯೇ ಅವನು ಏನು ಹೇಳಿದನೆಂಬುದು ಮೂರು ಪುಟ ತುಂಬಿತ್ತು. ಹೆಸರು, ಊರು, ವಯಸ್ಸಿನ ಜಾಗ ಮಾತ್ರ ಖಾಲಿ.

ಆ ಮನುಷ್ಯ ಬೆಳಗಾವಿ ಕಡೆಯವರು, ನಲವತ್ತರ ಆಸುಪಾಸಿನವರು. ವಿಕ್ರೋಳಿಯಲ್ಲಿ ಹೊಸದಾಗಿ ಏಳುತ್ತಿದ್ದ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಅಫಿಡವಿಟ್ಟನ್ನು ಸಾಕ್ಷಿಯ ಮಾತೃಭಾಷೆಯಲ್ಲಿ ಓದಿ ಹೇಳಿ, ಹಾಗೆ ಓದಿದ್ದೇನೆಂದು ಓದಿದವರು ಸಹಿ ಮಾಡಬೇಕಿತ್ತು. ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೇ ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂತು. ನನಗೆ ಹೆಮ್ಮೆಯೇ ಆಗಿತ್ತು. ಅಣ್ಣನ ಮುಂದೆ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದೆ.

ಅವರು ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಂದರು. ಕುರ್ಚಿ ತೋರಿಸಿದರೂ ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದ ಮೇಲೆ ಕೂತರು. ನನ್ನ ಊರು ಕೇಳಿ, ಅಲ್ಲಿಂದ ಮುಂದೆ ನನ್ನನ್ನು ತಂಗಿ ಎಂದೇ ಕರೆದರು.

ಅವರು ಹೇಳುತ್ತಿದ್ದಾಗ ನಮ್ಮ ಸಾಲಿಸಿಟರ್ ಸಾಹೇಬರು ಎದುರಿನ ಇರಾಣಿ ಹೋಟೆಲಿನಿಂದ ತರಿಸಿದ್ದ ಆಮ್ಲೆಟ್ ತಿನ್ನುತ್ತಿದ್ದರು. ದ್ವೀಪದಲ್ಲಿ ಅಕ್ಕಿ ಮುಗಿದ ಮೇಲೆ ಹುಲ್ಲು ಬೇಯಿಸಿ ತಿಂದದ್ದು, ಇಲಿ ಸಿಕ್ಕರೆ ಅದಕ್ಕಾಗಿ ಬಡಿದಾಡಿದ್ದು, ಕಾಲಿನ ಹುಣ್ಣಿನಲ್ಲಿ ಹುಳ ಬಿದ್ದದ್ದು, ಇದನ್ನೆಲ್ಲ ನಾನು ಒಂದೊಂದಾಗಿ ಇಂಗ್ಲಿಷಿಗೆ ತಂದೆ. ಸಾಹೇಬರು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸುತ್ತ, ಇದು ಬೇಡ, ಹೊಡೆತದ ವಿಷಯಕ್ಕೆ ಬರಲಿ ಎಂದರು. ಲಕೋಟೆಯಲ್ಲಿ ಬಂದಿದ್ದ ಫೋಟೋಗಳನ್ನು ಆ ಕೈಯಲ್ಲೇ ಮುಂದೆ ತಳ್ಳಿದರು. ಒಂದು ಮುಖದ ಮೇಲೆ ಬೆಣ್ಣೆಯ ಕಲೆ ಬಿತ್ತು. ಹೆಬ್ಬೆರಳಿನಿಂದ ಅದನ್ನು ತಿಕ್ಕಿ ಇನ್ನಷ್ಟು ಹರಡಿದರು.

ಮೂರನೆಯ ಫೋಟೋದ ಮೇಲೆ ಪೆನ್ಸಿಲ್ ಇಟ್ಟು, ಇವನೇ ತಾನೆ ಎಂದು ಕೇಳಿದ್ದೂ ಸಾಹೇಬರೇ. ವಾಚ್‌ಮನ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೌದು, ಇವನೇ ಎಂದರು. ಗೆಣಸಿನ ತೋಟದಲ್ಲಿ ಒಂದು ಗೆಣಸು ಕದ್ದದ್ದಕ್ಕೆ ಇವನು ತಮ್ಮ ಜೊತೆಗಾರನೊಬ್ಬನನ್ನು ಕೊಡಲಿಯ ಕಾವಿನಿಂದ ಹೊಡೆದ, ಸಂಜೆಯೊಳಗೆ ಅವನ ಜೀವ ಹೋಯಿತು ಎಂದರು. ಆಮೇಲೆ ಉಳಿದ ಫೋಟೋಗಳನ್ನು ಮತ್ತೊಮ್ಮೆ ತಿರುವಿ ಹಾಕಿದರು.

"ಹೊಡದಾಂವ ಇವನs. ಆದ್ರ ಹೊಡಿ ಅಂತ ಹೇಳಿದಾಂವ ಬಾಜೂಕ ನಿಂತಿದ್ದ, ಅವರ ಆಫೀಸರ್. ಇಂವ ಎರಡ ಸಲ ಕೈ ಬಿಟ್ಟ. ಎರಡೂ ಸಲ ಆ ಆಫೀಸರ್ ಇವನ ಕಪಾಳಕ್ಕ ಹೊಡದು ಮತ್ತ ಶುರು ಮಾಡಿಸಿದ. ಅವನ ಫೋಟೋ ಎಲ್ಲೈತಿ, ತಂಗಿ?"

ನಾನು ಅದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಲಕೋಟೆಯಲ್ಲಿ ಕೈಯಾಡಿಸಿ, ಅಧಿಕಾರಿಯ ಫೋಟೋ ಬಂದಿಲ್ಲ, ಅವನ ಬಗ್ಗೆ ಅವರು ಕೇಳಿಯೂ ಇಲ್ಲ ಎಂದರು. ಕರಡಿನ ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಆ ವೇಳೆ ಅಲ್ಲಿ ಯಾವ ಅಧಿಕಾರಿಯೂ ಇರಲಿಲ್ಲ, ಆರೋಪಿ ಸ್ವಂತ ಇಚ್ಛೆಯಿಂದ ಹೊಡೆದ. ಇದನ್ನು ಬದಲಿಸಬೇಕಲ್ಲವೇ ಎಂದು ಕೇಳಿದೆ. ಬದಲಿಸಿದರೆ ಅವರಿಗೆ ಮತ್ತೆ ಬರೆಯಬೇಕು, ಅವರು ಒಪ್ಪಬೇಕು, ಇಂದಿನ ಟಪಾಲು ತಪ್ಪುತ್ತದೆ ಎಂದರು ಸಾಹೇಬರು. ಅದರಲ್ಲಿ ದೊಡ್ಡ ಒಳಸಂಚು ಏನೂ ಇರಲಿಲ್ಲ. ಬರೀ ಸೋಮಾರಿತನ. ಇಂದಿಗೂ ನನಗೆ ಹೇಸಿಗೆ ಹುಟ್ಟಿಸುವುದು ಅದೇ.

ನಾನು ಓದಲು ಶುರು ಮಾಡಿದೆ. ಒಂದೊಂದು ಸಾಲಿಗೂ ಅವರು ತಲೆಯಾಡಿಸುತ್ತಿದ್ದರು. ಎರಡನೆಯ ಪುಟ ಬಂದಾಗ ಸಾಹೇಬರ ಪೆನ್ಸಿಲ್ ಅಧಿಕಾರಿ ಇರಲಿಲ್ಲ ಎಂಬ ಸಾಲನ್ನು ದಾಟಿ ಅದರ ಕೆಳಗಿನ ಸಾಲಿನ ಮೇಲೆ ಟಕ್ ಎಂದು ಬಿತ್ತು. ಕೆಲಸ ಹೋಗುತ್ತದೆಂಬ ಭಯ, ಸಾಹೇಬರೆಂಬ ಭಯ, ಹೆಂಗಸಿಗೆ ಕೆಲಸ ಕೊಟ್ಟದ್ದೇ ತಪ್ಪಾಯಿತು ಎನ್ನುತ್ತಾರೆಂಬ ಭಯ. ನಾನು ಕೆಳಗಿನ ಸಾಲನ್ನು ಓದಿದೆ.

ಅವರು ಕನ್ನಡದಲ್ಲಿ ಗುಂಡಗುಂಡಗೆ ಸಹಿ ಮಾಡಿದರು. ಅದರ ಕೆಳಗೆ, ಪೂರ್ತಿಯಾಗಿ ಓದಿ ಹೇಳಿದ್ದೇನೆ ಎಂಬ ಮಾತಿನ ಕೆಳಗೆ, ನಾನು ಮಾಡಿದೆ. ಹೋಗುವಾಗ ಅವರು ನನಗೆ ಕೈಮುಗಿದರು.

ನಾಲ್ಕೈದು ತಿಂಗಳ ಮೇಲೆ ಪತ್ರ ಬಂತು. ಸಿಪಾಯಿಗೆ ಹದಿನೈದು ವರ್ಷ ಶಿಕ್ಷೆಯಾಗಿತ್ತು. ನಮ್ಮ ಅಫಿಡವಿಟ್ ಬಹಳ ಉಪಯೋಗಕ್ಕೆ ಬಂತೆಂದು ಬರೆದಿದ್ದರು. ಸಾಹೇಬರು ಅದನ್ನು ಎಲ್ಲರ ಮುಂದೆ ಓದಿ, ನನ್ನ ಅನುವಾದವನ್ನು ಹೊಗಳಿದರು. ಆ ಸಂಜೆ ನನ್ನ ಕೈಯನ್ನೇ ಎಷ್ಟು ಸಲ ತೊಳೆದೆನೋ, ಅತ್ತಿಗೆ ಏನಾಯಿತೆಂದು ಕೇಳಿದಳು.

ಮುಂದಿನ ಭಾನುವಾರ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ವಿಕ್ರೋಳಿಗೆ ಹೋದೆ. ಕಾರ್ಖಾನೆಯ ಹಿಂದೆ ಕೆಲಸಗಾರರು ವಾಸವಿದ್ದ ತಗಡಿನ ಖೋಲಿಗಳಿದ್ದವು. ವಾಚ್‌ಮನ್ ಅವರ ಹೆಂಡತಿ ಚಾಪೆ ಹಾಸಿ ಚಹಾಕ್ಕೆ ಇಟ್ಟರು. ಚಹಾ ಬರುವ ಮುಂಚೆಯೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಅಳುತ್ತ. ಅವರು ಸಮಾಧಾನ ಮಾಡುತ್ತಾರೆ, ಹೋಗಲಿ ಬಿಡು ಅನ್ನುತ್ತಾರೆ ಎಂದು ಒಳಗೊಳಗೇ ಅಂದುಕೊಂಡಿದ್ದೆನೋ ಏನೋ. ಅವರು ಹಾಗೆ ಅನ್ನಲಿಲ್ಲ.

"ಅವಂಗ ಶಿಕ್ಷಾ ಆಗಬೇಕಿತ್ತು, ಆತು. ಅವನ ಮ್ಯಾಲೆ ನನಗೇನು ಕರುಣಾ ಇಲ್ಲ," ಅಂದರು. "ಆದ್ರ ಆ ಆಫೀಸರ್ ಅಲ್ಲಿ ಇರಲೇ ಇಲ್ಲ ಅಂತ ನಾನs ಹೇಳಿಧಂಗಾತು. ಸತ್ತಾಂವ ನನ್ನ ಬಾಜೂಕ ಮಲಗತಿದ್ದಾಂವ, ತಂಗಿ. ಅವನ ಕೊಂದಾಂವನ್ನ ನನ್ನ ಕೈಲೆ ಬಿಡಿಸಿದ್ರಿ ನೀವು."

ಅಲ್ಲಿಯವರೆಗೂ ನೀನು ಎನ್ನುತ್ತಿದ್ದವರು ನೀವು ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ತಣ್ಣಗಾಯಿತು. ಅದನ್ನು ಕುಡಿ ಎಂದು ಯಾರೂ ಹೇಳಲಿಲ್ಲ.

ಇನ್ನೊಂದು ಅಫಿಡವಿಟ್ ಮಾಡೋಣ ಎಂದು ನಾನೇ ಹೇಳಿದೆ. ಮುಂದಿನ ವಾರ ಅರ್ಧ ದಿನ ರಜೆ ಹಾಕಿ ಅವರನ್ನು ಕೋರ್ಟಿಗೆ ಕರೆದುಕೊಂಡು ಹೋದೆ. ಹೊರಗೆ ಮರದ ಕೆಳಗೆ ಟೈಪಿಂಗ್ ಮೆಷಿನ್ ಇಟ್ಟುಕೊಂಡು ಕೂತವನ ಸ್ಟೂಲಿನ ಮೇಲೆ ನಾನೇ ಕೂತು ಟೈಪ್ ಮಾಡಿದೆ. ಆಫೀಸರ್ ಎಲ್ಲಿ ನಿಂತಿದ್ದ, ಎಷ್ಟು ಸಲ ಕಪಾಳಕ್ಕೆ ಹೊಡೆದ, ಏನೆಂದು ಕೂಗಿದ, ಎಲ್ಲ ಬರೆದೆ. ಮೊದಲಿನ ಅಫಿಡವಿಟ್ಟಿನಲ್ಲಿ ಒಂದು ಸಾಲನ್ನು ಓದಿ ಹೇಳಿರಲಿಲ್ಲ ಎಂದು ನನ್ನ ಹೆಸರಿನಲ್ಲಿ ಬೇರೆಯಾಗಿ ಬರೆದು ಸೇರಿಸಿದೆ. ಮ್ಯಾಜಿಸ್ಟ್ರೇಟರ ಮುಂದೆ ಇಬ್ಬರೂ ಪ್ರಮಾಣ ಮಾಡಿದೆವು. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಮಾರನೆಯ ದಿನ ಸಾಹೇಬರಿಗೂ ಹೇಳಿದೆ. ಅವರು ಕೂಗಾಡಲಿಲ್ಲ. ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಂಡರೆ ಹೀಗೇ ಎಂದು ಹೆಡ್ ಕ್ಲಾರ್ಕಿಗೆ ನಗುತ್ತ ಹೇಳಿ, ತಿಂಗಳ ಕೊನೆಗೆ ಬರಬೇಡ ಎಂದರು.

ಮಳೆಗಾಲ ಮುಗಿದ ಮೇಲೆ ಉತ್ತರ ಅಂಧೇರಿಯ ವಿಳಾಸಕ್ಕೆ ಬಂತು. ಪತ್ರ ತಲುಪಿದೆ, ಮೊಕದ್ದಮೆ ಮುಗಿದಿದೆ, ನ್ಯಾಯಾಲಯವನ್ನೂ ಮುಚ್ಚಲಾಗಿದೆ, ತಮ್ಮ ಹೇಳಿಕೆಯನ್ನು ಕಡತದಲ್ಲಿ ಇಡಲಾಗಿದೆ. ಅಷ್ಟೇ. ಆಫೀಸರ್ ಬದುಕಿದ್ದಾನೋ, ಸತ್ತನೋ, ಎಲ್ಲಿದ್ದಾನೋ, ಒಂದು ಅಕ್ಷರವಿಲ್ಲ.

ಅದನ್ನು ತೆಗೆದುಕೊಂಡು ಮತ್ತೆ ವಿಕ್ರೋಳಿಗೆ ಹೋದೆ. ಅವರು ಗೇಟಿನಲ್ಲಿ ಡ್ಯೂಟಿಯ ಮೇಲಿದ್ದರು. ನಿಂತಲ್ಲೇ ಆ ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಮತ್ತೊಮ್ಮೆ ಓದಿರಿ ಎಂದರು. ಓದಿದೆ. ಕಾಗದ ಇಸಿದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿ, ಎಷ್ಟು ಸಾಲಿವೆ ಎಂದು ಕೇಳಿದರು. ನಾಲ್ಕು ಎಂದೆ. ಎಣಿಸಿ ನೋಡಿದರು. ಆಮೇಲೆ ನನ್ನೆದುರಿಗೇ ಕಾರ್ಖಾನೆಯ ಹಾಜರಿ ಬರೆಯುವ ಟೈಮ್‌ಕೀಪರನನ್ನು ಕರೆದು, ಇದರಲ್ಲಿ ಏನು ಬರೆದಿದೆ ಓದಿ ಹೇಳಿರಿ ಎಂದರು. ಅವನು ಮರಾಠಿಯಲ್ಲಿ ಹೇಳಿ ಮುಗಿಸುವವರೆಗೂ ನಾನು ಬಿಸಿಲಿನಲ್ಲಿ ಕಾದು ನಿಂತೆ.