ತೊಡೆಸಂದಿನ ಗುಟ್ಟು

ನಂದಿಗುಡಿಯ ನನ್ನ ಮಾವನ ಮನೆಯಲ್ಲಿ ಭತ್ತದ ಚೀಲಗಳನ್ನು ಒಳಗಿಡುತ್ತಿದ್ದರು. ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತಿ ಅಭ್ಯಾಸವಿಲ್ಲದ ಕಾಲೇಜು ಮೇಷ್ಟ್ರು ನಾನು, ನಿವೃತ್ತಿ ಹತ್ತಿರವಾದ ವಯಸ್ಸಿನಲ್ಲಿ, ಭಾವಮೈದುನರ ಎದುರು ಒಂದು ಚೀಲ ಎತ್ತಿಯೇ ಬಿಟ್ಟೆ. ಯಾರೂ ಮೆಚ್ಚಲಿಲ್ಲ. ಆಮೇಲೊಂದು ದಿನ ದಾವಣಗೆರೆಯ ಮನೆಯಲ್ಲಿ ಸ್ನಾನ ಮಾಡುವಾಗ ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡಿತು. ಮಲಗಿದರೆ ಮಾಯ, ಕೆಮ್ಮಿದರೆ ಹಾಜರ್.

ನೋವು ಅಷ್ಟಿರಲಿಲ್ಲ, ಸಂಜೆ ಹೊತ್ತಿಗೆ ಜಗ್ಗಿದಂತಾಗುತ್ತಿತ್ತು. ಜಾಗ ಅಂಥದ್ದು, ಯಾರಿಗೆ ಹೇಳುವುದು? ಕೆಮ್ಮು ಬಂದಾಗಲೆಲ್ಲ ಜೇಬಿನಲ್ಲಿ ಕೀಲಿ ಹುಡುಕುವವನಂತೆ ಕೈಯಿಂದ ಒತ್ತಿ ಹಿಡಿಯುತ್ತಿದ್ದೆ. ಒಂದು ಭಾನುವಾರ ಹೆಂಡತಿ ಕೇಳಿದಳು: "ಲುಂಗಿಗೆ ಜೇಬೆಲ್ಲೈತ್ರಿ? ಏನ್ ಹುಡುಕ್ತೀರಿ ಅಲ್ಲಿ?"

ಅವಳೇ ಎಂ.ಸಿ.ಸಿ. ಬಡಾವಣೆಯ ಸರ್ಜನ್ ಹತ್ತಿರ ಕರೆದೊಯ್ದಳು. ಡಾಕ್ಟರಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಲ್ಲಿ ನಾನು "ಎದ್ದು ನಿಲ್ಲು" ಎಂದರೆ ನಡುಗುತ್ತಿದ್ದವಳು.

"ಎದ್ದು ನಿಂತ್ಕೊಳ್ರಿ ಸರ್. ಈಗ ಕೆಮ್ಮ್ರಿ."

ಅಷ್ಟು ವಿಧೇಯನಾಗಿ ನಾನು ಯಾರ ಮಾತೂ ಕೇಳಿರಲಿಲ್ಲ.

"ಹರ್ನಿಯಾ ಸರ್. ಹೊಟ್ಟೆ ಗೋಡೆ ಸಡಿಲ ಆದ ಕಡೆ ಕರುಳು ಹೊರಗ್ ತಳ್ಕೊಂಡ್ ಬರ್ತೈತೆ."

"ಚೀಲ ಎತ್ತಿದ್ದಕ್ಕಾ?"

"ಅದೊಂದೇ ಅಲ್ರಿ. ವಯಸ್ಸು, ಹಳೇ ಕೆಮ್ಮು, ಮಲಬದ್ಧತೆ, ಎಲ್ಲಾ ಸೇರಿರ್ತೈತೆ."

ನನ್ನ ಸಿಗರೇಟು, ಬೆಳಗಿನ ಹೊತ್ತು ಪಾಯಿಖಾನೆಯಲ್ಲಿ ಪೇಪರ್ ಓದಿ ಮುಗಿಸುವ ನನ್ನ ರೂಢಿ, ಎರಡನ್ನೂ ಹೆಂಡತಿ ಅಲ್ಲೇ ಪಾಠದಂತೆ ಒಪ್ಪಿಸಿದಳು.

"ಮಾತ್ರೆಗೆ ಹೋಗಲ್ವೇನಮ್ಮಾ?"

"ಇಲ್ರಿ. ಆಪರೇಷನ್ ಮಾಡಿ, ಸಡಿಲಾದ ಕಡೆ ಆಸರೆಗೆ ಜಾಲರಿ ಇಡಬೇಕು. ಅಲ್ಲೀವರೆಗೆ ಗಂಟು ಗಟ್ಟಿಯಾಗಿ ಒಳಗೆ ಹೋಗ್ಲಿಲ್ಲ, ನೋವು ಜೋರಾತು, ವಾಂತಿ ಬಂತು ಅಂದ್ರೆ ತಕ್ಷಣ ಬಂದುಬಿಡ್ರಿ. ಕರುಳು ಸಿಕ್ಕೊಂಡ್ರೆ ಜೀವಕ್ಕೇ ಅಪಾಯ."

ಆಪರೇಷನ್ ದಿನ ಹೆಂಡತಿಯ ಕೈ ಹಿಡಿದು, ಮಕ್ಕಳನ್ನು ನೋಡಿಕೋ ಎಂದು ಕೊನೆಯ ಮಾತುಗಳನ್ನು ಆರಂಭಿಸಿದೆ. "ಸುಮ್ನಿರ್ರಿ, ಹಲ್ಲಿನ ಸೆಟ್ ತೆಗ್ದು ಕೊಡ್ರಿ" ಎಂದಳು. ಮರುದಿನವೇ ನಡೆದಾಡಿಸಿದರು.

ಮನೆಗೆ ಬಂದ ಮೇಲೆ ನಮ್ಮ ನಿವೃತ್ತ ಪ್ರಾಂಶುಪಾಲರು ಹರಿಹರದಿಂದ ನೋಡಲು ಬಂದರು. ಕಾಲೇಜನ್ನೇ ಗದರಿಸಿ ಆಳಿದ ಮನುಷ್ಯ. ಹೆಂಡತಿ ಚಹಾ ಮಾಡಲು ಒಳಗೆ ಹೋದದ್ದೇ ತಡ, ಕುರ್ಚಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು: "ಭಾಳ ನೋವಾತೇನಪ್ಪಾ?"

"ಇಲ್ರಿ ಸರ್. ಯಾಕ?"

"ನನಗೂ ಐತೆ. ವರ್ಷಗಟ್ಟಲೆ ಆತು. ಯಾರಿಗೂ ಹೇಳಿಲ್ಲ."

ನಗು ಬಂತು, ಹೊಲಿಗೆ ಬಿಡಲಿಲ್ಲ. ಅವರೆದುರೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅದೇ ತಿಂಗಳು ಅವರದೂ ಆಯಿತು. ಈಗ ಇಬ್ಬರೂ ಆರಾಮಾಗಿದ್ದೇವೆ. ತಮ್ಮ ಹರ್ನಿಯಾ ನನ್ನದಕ್ಕಿಂತ ದೊಡ್ಡದಿತ್ತೆಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಾರೆ. ಅದರಲ್ಲೂ ನಾನು ಕಿರಿಯನೇ.