ಬಾಣಂತನಕ್ಕೆ ಮುಂಚಿನ ಬಾಣಂತನ

ಚಳಿಗಾಲ ಯಾವ ದಿನ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಹೊನ್ನಾಳಿಯ ನಮ್ಮ ಮನೆಯಲ್ಲಿ ಮೂರು ಪ್ರಮಾಣಗಳಿವೆ. ಪಂಚಾಂಗದ ಪ್ರಕಾರ ಮಾರ್ಗಶಿರ ಹುಟ್ಟಿದರೆ ಹೇಮಂತ. ಗೋಡೆಯ ಕ್ಯಾಲೆಂಡರಿನ ಪ್ರಕಾರ ಡಿಸೆಂಬರ್. ಬಚ್ಚಲ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಶೀಸೆಯ ಪ್ರಕಾರ, ತಲೆಕೆಳಗು ಮಾಡಿದರೂ ಒಂದು ಹನಿ ಜಾರದ ಮೊದಲ ಮುಂಜಾನೆ. ಎಣ್ಣೆಗಾಗಿ ಕಾಯುವಷ್ಟು ಕೇಶರಾಶಿ ನನ್ನ ಶಿರದಲ್ಲಿ ಉಳಿದಿಲ್ಲವಾದ್ದರಿಂದ ಮೂರನೆಯ ಸಾಕ್ಷಿಯ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ. ಶಾಸನಗಳಲ್ಲಿ ತಿಥಿ ಒಂದು ಹೇಳಿದರೆ ವಾರ ಇನ್ನೊಂದು ಹೇಳುವ ಸಂದರ್ಭಗಳನ್ನು ತಾಳೆ ನೋಡುವುದರಲ್ಲೇ ಉದ್ಯೋಗಜೀವನ ಕಳೆದವನು ನಾನು; ನಿವೃತ್ತಿಯ ನಂತರವೂ ಆ ವ್ಯಸನ ಬಿಟ್ಟಿಲ್ಲವೆಂಬುದನ್ನು ಓದುಗರು ದಯವಿಟ್ಟು ಸಹಿಸಿಕೊಳ್ಳಬೇಕು.

ಆದರೆ ಕಳೆದ ಚಳಿಗಾಲದಲ್ಲಿ ನಮ್ಮನ್ನು ಕಾಡಿದ್ದು ಬೇರೊಂದು ದಿನಾಂಕ. ನ್ಯಾಮತಿಯಲ್ಲಿ ಶಿಕ್ಷಕಿಯಾಗಿರುವ ಮಗಳು ಸುಮಾಳಿಗೆ ಚೊಚ್ಚಲ ಹೆರಿಗೆ. ಸ್ಕ್ಯಾನಿಂಗ್ ವರದಿ ಒಂದು ದಿನ ಹೇಳಿತು, ವೈದ್ಯೆ ಇನ್ನೊಂದು ಹೇಳಿದರು, ಬೀಗಿತಿ ಹಾಲಮ್ಮನವರು ಬೆರಳು ಮಡಚಿ ಮೂರನೆಯದನ್ನು ಘೋಷಿಸಿದರು. ಯಾವ ದಿನವಾದರೂ ಆಗಲಿ, ಮೊದಲ ಬಾಣಂತನ ತವರಿನದು. ತೊಡಕಿದ್ದದ್ದು ಅಲ್ಲಿಯೇ. ದೀಪಾವಳಿಯ ಆಸುಪಾಸಿನಲ್ಲಿ ಬಂದ ಜ್ವರ ನನ್ನ ಪತ್ನಿ ಗಿರಿಜೆಯನ್ನು ಬಿಟ್ಟುಹೋಗುವಾಗ ಅವಳ ತ್ರಾಣವನ್ನೂ ಜೊತೆಗೆ ಒಯ್ದಿತ್ತು. ಕೀಲುಗಳು ಹಿಡಿದುಕೊಂಡಿದ್ದವು, ಒಂದು ಬಿಂದಿಗೆ ನೀರೆತ್ತಿದರೆ ಅರ್ಧ ಗಂಟೆ ಕೂರಬೇಕಿತ್ತು. ಬಾಣಂತನವೆಂದರೆ ಹಂಡೆ ಹಂಡೆ ಬಿಸಿನೀರಿನ ವ್ಯವಹಾರವೆಂಬುದು ನನಗೂ ಗೊತ್ತಿತ್ತು. ಸುಮಾಳನ್ನು ಜಗಳೂರಿನ ಕಡೆಯ ತಮ್ಮೂರಿಗೇ ಕರೆದೊಯ್ಯುವುದಾಗಿ ಹಾಲಮ್ಮ ಫೋನಿನಲ್ಲಿ ಸೌಮ್ಯವಾಗಿಯೇ ಸೂಚಿಸಿದಾಗ ಗಿರಿಜೆ, "ನಾನಿನ್ನೂ ಬದುಕಿದೀನಿ ಬೀಗ್ತಿ" ಎಂದಳು. ಅಂದು ರಾತ್ರಿ ಊಟ ಮಾಡಲಿಲ್ಲ.

ಸಂಶೋಧಕನಾದ ನಾನು ಸುಮ್ಮನಿರಲುಂಟೆ? ವೈದ್ಯರು ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಬರೆದುಕೊಟ್ಟಿದ್ದರು; ಅದಕ್ಕೆ ಪೂರಕವಾಗಿ ನಾನು ಅಮೃತಬಳ್ಳಿ, ತುಳಸಿ, ಶುಂಠಿ, ಕಾಳುಮೆಣಸುಗಳ ಕಷಾಯವನ್ನು ಸ್ವಹಸ್ತದಿಂದ ಸಿದ್ಧಪಡಿಸತೊಡಗಿದೆ. ಅಶ್ವಗಂಧವನ್ನೂ ಸೇರಿಸುವ ಉತ್ಸಾಹವಿತ್ತು, ವೈದ್ಯರು ಬೇಡವೆಂದರು. ಕಷಾಯದ ಬಣ್ಣ ಶಾಸನದ ಪಡಿಯಚ್ಚು ತೆಗೆಯುವ ಮಸಿಯನ್ನು ಹೋಲುತ್ತಿತ್ತು. ಗಿರಿಜೆ ಒಂದು ಗುಟುಕು ಕುಡಿದು, "ಜ್ವರಾನೇ ವಾಸಿ ಇತ್ತು" ಎಂದಳು.

ಮಾರ್ಗಶಿರದ ಒಂದು ಬೆಳಿಗ್ಗೆ ಹಾಲಮ್ಮ ಸ್ವತಃ ಬಂದಿಳಿದರು. ದೊಡ್ಡ ಚೀಲದಲ್ಲಿ ಸೊಸೆಗೆಂದು ತಂದ ಸಾಮಗ್ರಿ: ಚನ್ನಗಿರಿಯ ಗ್ರಂಧಿಗೆ ಅಂಗಡಿಯಿಂದ ತರಿಸಿದ ಅಂಟು, ಅಳವಿ, ಗಸಗಸೆ, ಒಣಕೊಬ್ಬರಿ, ಉತ್ತುತ್ತಿ, ತುಪ್ಪ, ತಮ್ಮ ಹೊಲದ ಸಜ್ಜೆ, ಎಳ್ಳು, ಹುರುಳಿ. ಸೊಸೆಯ ವಿಷಯ ಇತ್ಯರ್ಥ ಮಾಡಲು ಬಂದವರು ಹಾಸಿಗೆಯ ಮೇಲಿದ್ದ ಬೀಗಿತಿಯನ್ನು ನೋಡಿ ಚೀಲವನ್ನು ಅಲ್ಲೇ ಇಳಿಸಿದರು.

"ಹಡೆಯೋಳಿಗೆ ಇನ್ನೂ ಟೈಮ್ ಐತೆ. ಮೊದ್ಲು ನಿಮ್ಗೇ ಬಾಣಂತನ ಮಾಡಬೇಕ್ರಿ" ಎಂದು ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆದರು.

"ನಮ್ಮನೇಗೆ ಬಂದು ನೀವು ಕೆಲಸ ಮಾಡೋದಾ? ಸುಮ್ನೆ ಕುಂದ್ರಿ" ಎಂದಳು ಗಿರಿಜೆ.

"ಬೈಯಾಕೆ ಶಕ್ತಿ ಐತಲ್ಲ, ಉಣ್ಣಾಕೂ ಬರ್ತೈತೆ ಏಳ್ರಿ."

ಆ ದಿನದಿಂದ ನಮ್ಮ ಮನೆಯ ಆಡಳಿತ ಹಸ್ತಾಂತರವಾಯಿತು. ಬೆಳಿಗ್ಗೆ ಅಂಟಿನುಂಡೆ ಮತ್ತು ಬಿಸಿ ಹಾಲು. ಮಧ್ಯಾಹ್ನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ನುಗ್ಗೆಸೊಪ್ಪು. ರಾತ್ರಿ ಮೆಣಸು ಹಾಕಿದ ಹುರುಳಿ ಸಾರು. ನನ್ನ ಕಷಾಯವನ್ನು ಹಾಲಮ್ಮ ಮೂಸಿ ನೋಡಿ, ಅರ್ಧ ಚೆಲ್ಲಿ, ಉಳಿದುದಕ್ಕೆ ನೀರು ಬೆಲ್ಲ ಸೇರಿಸಿದರು. ಗಿರಿಜೆ ಅದನ್ನು ಕುಡಿದಳು. ಹಿತ್ತಲಿಗೆ ಬಿಸಿಲು ಬಂದೊಡನೆ ಚಾಪೆ ಹಾಸಿ, ಅವಳ ಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಇಬ್ಬರೂ ಹೊನ್ನಾಳಿ, ಜಗಳೂರುಗಳ ಸಮಸ್ತ ಬಂಧುವರ್ಗದ ಗುಣದೋಷಗಳನ್ನು ಅಲ್ಲಿ ಪರಿಶೀಲಿಸುತ್ತಿದ್ದರು.

ಈ ಬಿಸಿಲಿನ ಬಗ್ಗೆ ನಾನೊಂದು ಉಪನ್ಯಾಸಕ್ಕೆ ಕೈಹಾಕಿದ್ದುಂಟು. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಸಂಕ್ರಾಂತಿಯಂದಲ್ಲ, ಡಿಸೆಂಬರಿನ ಮೂರನೆಯ ವಾರದ ಕೊನೆಗೆ. ಹಗಲು ಆಗಿನಿಂದಲೇ ಬೆಳೆಯುತ್ತದೆ. ವಿಚಿತ್ರವೆಂದರೆ ಸೂರ್ಯೋದಯ ಮಾತ್ರ ಸಂಕ್ರಾಂತಿ ದಾಟುವವರೆಗೂ ದಿನೇ ದಿನೇ ತಡವಾಗುತ್ತಲೇ ಇರುತ್ತದೆ. ಪಂಚಾಂಗದ ಉದಯಾಸ್ತಗಳ ಪುಟವನ್ನು ಪುರಾವೆಯಾಗಿ ಹಿಡಿದು ಇದನ್ನೆಲ್ಲ ನಿವೇದಿಸಿದೆ.

"ಬೀಗ್ರೇ, ಸ್ವಲ್ಪ ಆ ಕಡೆ ಸರೀರಿ. ನಿಮ್ಮ ನೆರಳು ಬೀಳ್ತೈತೆ" ಎಂದರು ಹಾಲಮ್ಮ.

ಪುಷ್ಯ ಮಾಸದ ಹೊತ್ತಿಗೆ ಗಿರಿಜೆ ಗೋಡೆ ಹಿಡಿಯದೆ ನಡೆಯುತ್ತಿದ್ದಳು. ಚೇತರಿಕೆಯ ಶ್ರೇಯಸ್ಸು ಮಾತ್ರೆಗೋ, ಅಂಟಿಗೋ, ಬಿಸಿಲಿಗೋ, ಬರೀ ಕಾಲಕ್ಕೋ ಎಂಬುದನ್ನು ನಿರ್ಣಯಿಸಲು ನನ್ನಲ್ಲಿ ಸಾಕಷ್ಟು ಆಧಾರಗಳಿಲ್ಲ. ಒಂದನ್ನು ಮಾತ್ರ ಗಮನಿಸಿದ್ದೇನೆ: ಮದುವೆಯಾದಂದಿನಿಂದ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದ ಹೆಂಗಸು, ಆ ವಾರಗಳಲ್ಲಿ ಎಲ್ಲರಿಗಿಂತ ಮೊದಲು ಬಿಸಿ ರೊಟ್ಟಿ ಉಂಡಳು. ಯಾವ ಔಷಧಗ್ರಂಥದಲ್ಲಿ ಇದನ್ನು ಹುಡುಕಬೇಕೋ ನಾನರಿಯೆ.

ಸುಮಾಳ ಹೆರಿಗೆ ರಜೆ ಆರಂಭವಾಗುವ ಮುನ್ನಾದಿನ, ಬಾಣಂತನ ಎಲ್ಲಿ ಎಂಬುದು ತೀರ್ಮಾನವಾಗಲೇಬೇಕಿತ್ತು. ಗಿರಿಜೆ ತಾನೇ ಬಚ್ಚಲಿಗೆ ಹೋಗಿ, ಹಂಡೆಯಿಂದ ಬಕೆಟ್ಟಿಗೆ ಬಿಸಿನೀರು ತುಂಬಿ ಎತ್ತಿದಳು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಎರಡು ಹೆಜ್ಜೆ ಇಟ್ಟಳು, ನೀರು ತುಳುಕಿತು, ಬಕೆಟ್ಟನ್ನು ಕೆಳಗಿಟ್ಟಳು. ನಾನು ಧಾವಿಸಲು ಹೊರಟೆ. ಹಾಲಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು.

ಗಿರಿಜೆ ಬಕೆಟ್ಟನ್ನೇ ನೋಡುತ್ತಾ ಹೇಳಿದಳು: "ಹೊರಾಕೆ ಆಗಲ್ಲ ಬೀಗ್ತಿ. ಕುಂತು ಎರೆಯಾಕೆ ಆಗ್ತೈತೆ. ನೀವು ಇಲ್ಲೇ ಇದ್ದುಬಿಡ್ರಿ. ಮಗಳು ಇಲ್ಲಿಗೇ ಬರಲಿ."

ಜ್ವರದ ನಂತರ 'ಆಗಲ್ಲ' ಎಂಬ ಪದವನ್ನು ಅವಳು ಉಚ್ಚರಿಸಿದ್ದು ಅದೇ ಮೊದಲು.

"ಇರಾಕೇನು, ಇರ್ತೀನಿ" ಎಂದರು ಹಾಲಮ್ಮ. "ಆದ್ರೆ ಒಲೆ ಉರಿ ಹಾಕೋರು ಯಾರು? ಇಬ್ರೂ ಒಳಗಿರ್ತೀವಿ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಮೊಮ್ಮಗಳು ಮೂರು ಗಣನೆಗಳನ್ನೂ ಸಮಾನವಾಗಿ ಅವಮಾನಿಸಿ, ಯಾರೂ ಹೇಳದ ದಿನ ಹುಟ್ಟಿದಳು. ನಾನೀಗ ನಸುಕಿಗೇ ಎದ್ದು, ಬಚ್ಚಲಿನ ಹೊರಗೋಡೆಯ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಹೊಗೆಗೆ ಕಣ್ಣೀರಿಡುತ್ತಾ ತೆಂಗಿನ ಗರಿ ತುರುಕುತ್ತೇನೆ. ಗೋಡೆಯ ಆಚೆ ಹಾಲಮ್ಮ ನೀರು ತಂದಿಡುತ್ತಾರೆ, ಗಿರಿಜೆ ಮಣೆಯ ಮೇಲೆ ಕುಳಿತು ಮಗಳ ಬೆನ್ನಿಗೆ ಎರೆಯುತ್ತಾಳೆ. ಒಂದು ಗಳಿಗೆ ನನ್ನ ಗಮನ ಎತ್ತಲೋ ಹೋದರೆ ಸಾಕು, ಬೀದಿಯ ಕೊನೆಯ ಮನೆಗೂ ಕೇಳಿಸುವಂತೆ ಅವಳ ದನಿ ಏಳುತ್ತದೆ: "ರೀ! ಉರಿ ಮುಂದಕ್ಕೆ ತಳ್ರಿ, ನೀರು ಆರ್ತಾ ಐತೆ!"